ರೀಫರ್ ಗಾಡಿ ಹಣ್ಣನ್ನು ತಂಪು ಮಾಡುವುದಿಲ್ಲ

ಫೆಬ್ರವರಿ ಬಂತೆಂದರೆ ನನಗೆ ರಾತ್ರಿ ಫೋನ್‌ಗಳು ಶುರುವಾಗುತ್ತವೆ. ದ್ರಾಕ್ಷಿ ಸೀಸನ್. ವಿಜಯಪುರದ ಕಡೆ ರೀಫರ್ ಗಾಡಿಗೆ, ಅಂದರೆ ತಂಪು ಯಂತ್ರ ಇರುವ ಲಾರಿಗೆ, ಲೋಡ್ ಮಾಡಿಕೊಂಡು ಬೆಂಗಳೂರಿಗೆ ಹೊರಟ ಡ್ರೈವರ್ ಚಿತ್ರದುರ್ಗದ ಹತ್ತಿರ ಯಾವುದೋ ಡಾಬಾ ಮುಂದೆ ಗಾಡಿ ನಿಲ್ಲಿಸಿ ಫೋನ್ ಮಾಡುತ್ತಾನೆ. "ಸರ್, ಗಾಡಿ ತಂಪಾಗವಲ್ದರೀ. ಗ್ಯಾಸ್ ಕಮ್ಮಿ ಆಗೇತೇನೋ ನೋಡ್ರಿ."

ನಾನು ಕೇಳುವುದು ಒಂದೇ ಪ್ರಶ್ನೆ. ಲೋಡ್ ಮಾಡುವಾಗ ಹಣ್ಣು ಎಷ್ಟು ಡಿಗ್ರಿ ಇತ್ತಪ್ಪಾ?

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಣ್ಣಿಂದು ಹೆಂಗ ಗೊತ್ತಾಗ್ತದ್ರಿ? ಮೊದಲ ಎರಡಕ್ಕ ಸೆಟ್ ಮಾಡಿದ್ದೆ. ತಂಪಾಗ್ಲಿಲ್ಲ ಅಂತ ಈಗ ಮೈನಸ್ ಹತ್ತಕ್ಕ ಇಟ್ಟೇನಿ."

ಈ ಮೈನಸ್ ಹತ್ತರ ಬಗ್ಗೆಯೇ ಇವತ್ತು ಬರೆಯಬೇಕು. ರೀಫರ್ ಗಾಡಿಗಳ ಯೂನಿಟ್, ಅಂದರೆ ಆ ತಂಪು ಯಂತ್ರ, ರಿಪೇರಿ ಮಾಡುತ್ತಾ 22 ವರ್ಷ ಆಯಿತು. ಬೆಲ್ಟ್ ಹರಿಯುತ್ತದೆ, ಪೈಪ್ ಬಿರುಕು ಬಿಟ್ಟು ಗ್ಯಾಸ್ ಹೋಗುತ್ತದೆ, ಫ್ಯಾನ್ ಮೋಟಾರ್ ಸುಡುತ್ತದೆ. ಅದೆಲ್ಲ ಇದ್ದದ್ದೇ, ಅದಕ್ಕೇ ನಾವಿರೋದು. ಆದರೆ ಸೀಸನ್‌ನಲ್ಲಿ ನನಗೆ ಬರುವ ದೂರುಗಳಲ್ಲಿ ಜಾಸ್ತಿ ಪಾಲು ಯೂನಿಟ್ ಕೆಟ್ಟು ಬಂದವಲ್ಲ. ಚೆನ್ನಾಗಿರುವ ಯೂನಿಟ್‌ಗೆ ಅದರದಲ್ಲದ ಕೆಲಸ ಹಚ್ಚಿದ್ದರಿಂದ ಬಂದವು.

ಎರಡು ಸೀಸನ್ ಹಿಂದೆ ಇಂಥದ್ದೇ ಒಂದು ಗಾಡಿಯ ಬಾಗಿಲು ತೆಗೆಯುವಾಗ ನಾನು ಅಲ್ಲೇ ಇದ್ದೆ. ಬೆಳಗ್ಗೆ ಆರೂವರೆ. ಡಿಸ್‌ಪ್ಲೇಯಲ್ಲಿ 7 ಡಿಗ್ರಿ ತೋರಿಸುತ್ತಿತ್ತು. ಮಾಲೀಕರಿಗೆ ಸ್ವಲ್ಪ ಸಮಾಧಾನ. ನಾನು ಮಧ್ಯದ ಸಾಲಿನಿಂದ ಒಂದು ಬಾಕ್ಸ್ ಎಳೆಸಿದೆ. ಗೊಂಚಲಿನ ಒಳಗಿನ ಒಂದು ದಪ್ಪ ಹಣ್ಣಿಗೆ ಪ್ರೋಬ್ ಥರ್ಮಾಮೀಟರಿನ ಚೂಪು ಕಡ್ಡಿ ಚುಚ್ಚಿದೆ. 26 ಡಿಗ್ರಿ. ರಾತ್ರಿಯಿಡೀ ಯೂನಿಟ್ ಓಡಿದೆ, ಡೀಸೆಲ್ ಸುಟ್ಟಿದೆ, ಹಣ್ಣು ಇನ್ನೂ 26. ತೊಟ್ಟುಗಳು ಆಗಲೇ ಕಂದು ಬಣ್ಣಕ್ಕೆ ತಿರುಗಿದ್ದವು. ಆಮೇಲೆ ಮುಂದಿನ ಸಾಲಿನಲ್ಲಿ, ತಂಪು ಗಾಳಿ ಬರುವ ಬಾಯಿಯ ಎದುರಿಗೇ ಇದ್ದ ಬಾಕ್ಸ್ ತೆಗೆದರು. ಆ ಹಣ್ಣು ಗಾಜಿನ ಗೋಲಿ ಥರ ಗಟ್ಟಿಯಾಗಿತ್ತು. ಕೈಯಲ್ಲಿ ಹಿಡಿದು ಎರಡು ನಿಮಿಷ ಆಗುವಷ್ಟರಲ್ಲಿ ಸಿಪ್ಪೆ ಬಿರಿದು ರಸ ಇಳಿಯಿತು. ಒಂದೇ ಗಾಡಿಯಲ್ಲಿ ಮುಂದಿನದು ಹೆಪ್ಪುಗಟ್ಟಿ ಹಾಳು, ಮಧ್ಯದ್ದು ಬಿಸಿಗೆ ಹಾಳು.

ಆ ಮಾಲೀಕರು ಒಳ್ಳೆಯ ಮನುಷ್ಯ. ಡ್ರೈವರ್ ಮೇಲೆ ಕೂಗಾಡಲಿಲ್ಲ. ಬಾಕ್ಸ್ ಪಕ್ಕದಲ್ಲೇ ಕೂತುಕೊಂಡು "ಹಂಗಾದ್ರ ಈ ಯೂನಿಟ್ ಇದ್ದು ಏನ್ ಉಪಯೋಗರೀ?" ಅಂತ ಕೇಳಿದರು. ಅವತ್ತು ಅವರಿಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ಮೊದಲು ಲೆಕ್ಕ. ಒಂದು ಕೆಜಿ ದ್ರಾಕ್ಷಿಯನ್ನು ಒಂದು ಡಿಗ್ರಿ ಇಳಿಸಬೇಕಾದರೆ ಅದರಿಂದ ಸುಮಾರು 3.7 ಕಿಲೋಜೂಲ್ ಶಾಖ ಹೊರಗೆ ತೆಗೆಯಬೇಕು. ಗಾಡಿಯಲ್ಲಿ 5 ಟನ್ ಹಣ್ಣಿದೆ ಅಂದುಕೊಳ್ಳಿ. ಮಧ್ಯಾಹ್ನ ಕಿತ್ತಿದ್ದು, 30 ಡಿಗ್ರಿ ಇದೆ. 2 ಡಿಗ್ರಿಗೆ ತರಬೇಕು, ಅಂದರೆ 28 ಡಿಗ್ರಿ ಇಳಿಸಬೇಕು. ಗುಣಿಸಿದರೆ ಸುಮಾರು 5,18,000 ಕಿಲೋಜೂಲ್. ನಮಗೆ ಗೊತ್ತಿರುವ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಇದು 144 ಯೂನಿಟ್‌ನಷ್ಟು ಶಾಖ. ಗಾಡಿಯ ಮೇಲಿರುವ ಯಂತ್ರ ಆ ತಾಪಮಾನದಲ್ಲಿ 5 ಕಿಲೋವ್ಯಾಟ್ ಶಾಖ ಹೊರಗೆ ಎಳೆಯುತ್ತದೆ ಅಂತ ಇಟ್ಟುಕೊಂಡರೆ, 144ನ್ನು 5ರಿಂದ ಭಾಗಿಸಿ. ಸುಮಾರು 29 ಗಂಟೆ.

ಇದು ಎಲ್ಲವೂ ಚೆನ್ನಾಗಿ ನಡೆದರೆ ಬರುವ ಲೆಕ್ಕ. ಗೋಡೆಯಿಂದ ಒಳಗೆ ಬರುವ ಬಿಸಿ ಇದರಲ್ಲಿ ಸೇರಿಲ್ಲ. ಕಿತ್ತ ಮೇಲೂ ಹಣ್ಣು ಉಸಿರಾಡುತ್ತದೆ, ಅದರಿಂದ ಹುಟ್ಟುವ ಶಾಖವೂ ಸೇರಿಲ್ಲ. ಬಾಕ್ಸ್‌ಗಳನ್ನು ಸಂದಿಲ್ಲದೆ ಒತ್ತಿ ಜೋಡಿಸಿದರೆ ಗಾಳಿ ಮಧ್ಯಕ್ಕೆ ಹೋಗುವುದೇ ಇಲ್ಲ, ಆಗ 29 ಗಂಟೆಗೂ ಆಗುವುದಿಲ್ಲ. ನಿಮ್ಮ ಗಾಡಿಯ ಅಂಕಿ ಬೇರೆ ಇರಬಹುದು, ಯೂನಿಟ್ ಮೇಲಿನ ಪ್ಲೇಟ್ ನೋಡಿ ನೀವೇ ಲೆಕ್ಕ ಹಾಕಿ. ಅಂಕಿ ಎಷ್ಟೇ ಬದಲಾದರೂ ಅದು ಒಂದು ರಾತ್ರಿಯ ದಾರಿಯಲ್ಲಿ ಮುಗಿಯುವ ಕೆಲಸ ಆಗುವುದಿಲ್ಲ.

ಇನ್ನು ಆ ಮೈನಸ್ ಹತ್ತು. ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ಜನ ಎಡವುವುದು ಇಲ್ಲೇ. ಸೆಟ್ ಪಾಯಿಂಟ್ ಅನ್ನುವುದು ಆಕ್ಸಿಲರೇಟರ್ ಅಲ್ಲ. ಒತ್ತಿದಷ್ಟೂ ಜೋರಾಗಿ ಓಡುವ ಪೆಡಲ್ ಅಲ್ಲ. ಅದು ಎಲ್ಲಿ ನಿಲ್ಲಿಸಬೇಕು ಅಂತ ಹೇಳುವ ಗುರುತು, ಅಷ್ಟೇ. ಒಳಗೆ 25 ಡಿಗ್ರಿ ಇದೆ, ನೀವು 2ಕ್ಕೆ ಇಟ್ಟಿದ್ದೀರಿ. ಯೂನಿಟ್ ಆಗಲೇ ತನ್ನ ಪೂರ್ತಿ ಶಕ್ತಿ ಹಾಕಿ ಓಡುತ್ತಿದೆ. ಮೈನಸ್ 10ಕ್ಕೆ ಇಟ್ಟರೆ ಅದರ ಹತ್ತಿರ ಇಲ್ಲದ ಶಕ್ತಿ ಎಲ್ಲಿಂದ ಬರಬೇಕು? ಅದೇ ವೇಗದಲ್ಲಿ ಓಡುತ್ತದೆ. ಆದರೆ 2ರಲ್ಲಿ ನಿಲ್ಲಬೇಕಾದ್ದು ಈಗ ನಿಲ್ಲುವುದಿಲ್ಲ. ಗಾಳಿಯ ಬಾಯಿಯ ಎದುರಿಗಿದ್ದ ಹಣ್ಣು ಸಾಯುವುದು ಹೀಗೆ. ಹೊಸ ಎಲೆಕ್ಟ್ರಾನಿಕ್ ಕಂಟ್ರೋಲರ್‌ಗಳಲ್ಲಿ ವೇಗ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ, ನಿಜ. ಆದರೆ ಒಳಗೆ ಅಷ್ಟು ಬಿಸಿ ಇದ್ದಾಗ ಅವೂ ಮೊದಲೇ ಫುಲ್ ಸ್ಪೀಡ್‌ನಲ್ಲೇ ಇರುತ್ತವೆ.

ಮನೆಯ ಎಸಿಗೂ ಇದೇ ಮಾತು. ಬಿಸಿಲಲ್ಲಿ ಬಂದು ರಿಮೋಟ್ ಹಿಡಿದು 16ಕ್ಕೆ ಇಳಿಸುತ್ತೀರಿ, ಬೇಗ ತಂಪಾಗಲಿ ಅಂತ. 24ಕ್ಕೆ ಇಟ್ಟಿದ್ದರೂ ರೂಮು 24 ಮುಟ್ಟಲು ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಈ ಯಂತ್ರವನ್ನು ಮೊದಲು ಯಾಕೆ ಮಾಡಿದರು ಅಂತ ಗೊತ್ತಿದ್ದರೆ ಇದು ಸಲೀಸಾಗಿ ಅರ್ಥವಾಗುತ್ತದೆ. ಅದಕ್ಕೇ ನಾನು ಹೊಸ ಹುಡುಗರು ಕೆಲಸಕ್ಕೆ ಸೇರಿದಾಗ ಮೊದಲ ದಿನ ಸ್ಪ್ಯಾನರ್ ಕೊಡುವುದಿಲ್ಲ. ಫ್ರೆಡರಿಕ್ ಮೆಕಿನ್ಲಿ ಜೋನ್ಸ್ ಕಥೆ ಹೇಳುತ್ತೇನೆ.

ಅಮೆರಿಕದ ಕಪ್ಪು ಜನಾಂಗದವರು, 1893ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಲ್ಲದೆ ಒಬ್ಬ ಪಾದ್ರಿಯ ಆಶ್ರಯದಲ್ಲಿ ಬೆಳೆದರು. ಸ್ಕೂಲು ಅರ್ಧಕ್ಕೇ ನಿಂತಿತು. ಗ್ಯಾರೇಜಿನಲ್ಲಿ ಕೆಲಸ ಕಲಿತರು. ಮಿನೆಸೋಟ ರಾಜ್ಯದ ಹ್ಯಾಲಕ್ ಅನ್ನುವ ಸಣ್ಣ ಊರಿನ ಹತ್ತಿರ ದೊಡ್ಡ ಫಾರ್ಮ್ ಒಂದರಲ್ಲಿ ಯಂತ್ರಗಳನ್ನು ನೋಡಿಕೊಂಡರು. ರೇಸ್ ಕಾರು ಕಟ್ಟಿ ಓಡಿಸಿದರು. ಆಮೇಲೆ ಮಿನಿಯಾಪೊಲಿಸ್ ನಗರದಲ್ಲಿ ಸಿನಿಮಾ ಥಿಯೇಟರ್‌ಗಳಿಗೆ ಸೌಂಡ್ ಉಪಕರಣ ಮಾಡುತ್ತಿದ್ದ ಜೋಸೆಫ್ ನ್ಯೂಮೆರೊ ಹತ್ತಿರ ಸೇರಿಕೊಂಡರು. ಇಂಜಿನಿಯರಿಂಗ್ ಓದಿದ್ದೆಲ್ಲ ಪುಸ್ತಕ ತಂದುಕೊಂಡು ತಾವೇ ಓದಿದ್ದು.

1938ರ ಸುಮಾರಿಗೆ ನ್ಯೂಮೆರೊ ಅವರ ಪರಿಚಯದ ಒಬ್ಬ ಲಾರಿ ಮಾಲೀಕರಿಗೆ ಒಂದು ಲೋಡ್ ಕೋಳಿ ಮಾಂಸ ದಾರಿಯಲ್ಲೇ ಕೆಟ್ಟುಹೋಯಿತು ಅಂತ ಕಥೆ. ಐಸ್ ಕರಗಿಹೋಗಿತ್ತು. ಆಗೆಲ್ಲ ಮಾಂಸವನ್ನು ಮೊದಲೇ ತಣ್ಣಗೆ ಮಾಡಿ, ಐಸ್ ಇಟ್ಟು ಕಳಿಸುತ್ತಿದ್ದರು. ದಾರಿಯಲ್ಲಿ ಐಸ್ ಮುಗಿದರೆ ಮತ್ತೆ ತುಂಬಿಸಬೇಕು. ಲಾರಿ ಕೆಟ್ಟು ನಿಂತರೆ ಮುಗಿಯಿತು. ಆ ಐಸ್ ಜಾಗಕ್ಕೆ ಒಂದು ಯಂತ್ರ ಬೇಕಿತ್ತು. ಅದನ್ನು ಜೋನ್ಸ್ ಮಾಡಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಐಸ್‌ನ ಕೆಲಸ ಏನಿತ್ತು? ಮೊದಲೇ ತಣ್ಣಗಿದ್ದ ಮಾಂಸವನ್ನು ತಣ್ಣಗೇ ಇಡುವುದು. ಗೋಡೆಯಿಂದ ನುಸುಳುವ ಬಿಸಿಯನ್ನು ಆಗಿಂದಾಗ್ಗೆ ಹೀರಿಕೊಳ್ಳುವುದು. ಯಂತ್ರಕ್ಕೆ ಬಂದದ್ದೂ ಅದೇ ಕೆಲಸ. ಇವತ್ತಿಗೂ ನಮ್ಮ ಗಾಡಿಗಳ ಯೂನಿಟ್‌ನ ಅಳತೆಯನ್ನು ಗೋಡೆ ಎಷ್ಟು ದಪ್ಪ, ಹೊರಗೆ ಎಷ್ಟು ಬಿಸಿ, ಬಾಗಿಲು ಎಷ್ಟು ಸಲ ತೆಗೆಯುತ್ತಾರೆ ಅಂತ ನೋಡಿ ತೀರ್ಮಾನಿಸುತ್ತೇವೆ. 5 ಟನ್ ಬಿಸಿ ಹಣ್ಣು ಆ ಲೆಕ್ಕದಲ್ಲಿ ಇರುವುದಿಲ್ಲ.

ಜೋನ್ಸ್ ಅವರ ಮೊದಲ ಯಂತ್ರ ಭಾರ, ಲಾರಿಯ ಅಡಿಯಲ್ಲಿ ಕೂತಿತ್ತು. ಕೆಸರು, ದೂಳು ಎಲ್ಲ ಅದಕ್ಕೇ ಬಡಿಯುತ್ತಿತ್ತು. ಆಮೇಲೆ ಹಗುರ ಮಾಡಿ ಲಾರಿ ಬಾಡಿಯ ಮುಂಭಾಗಕ್ಕೆ, ಮೇಲಕ್ಕೆ ತಂದರು. ಇವತ್ತು ಹೈವೇಯಲ್ಲಿ ನೀವು ನೋಡುವ ರೀಫರ್ ಗಾಡಿಯ ಕ್ಯಾಬಿನ್ ಮೇಲೆ ಮೂಗಿನ ಥರ ಒಂದು ಡಬ್ಬ ಚಾಚಿಕೊಂಡಿರುತ್ತದಲ್ವಾ, ಅದರ ವಂಶ ಅಲ್ಲಿಗೆ ಹೋಗಿ ಮುಟ್ಟುತ್ತದೆ. ರಸ್ತೆಯ ಕುಲುಕಾಟಕ್ಕೆ ಯಂತ್ರ ಬಿಚ್ಚಿಕೊಳ್ಳಬಾರದು ಅನ್ನುವುದು ದೊಡ್ಡ ಸವಾಲಾಗಿತ್ತು. ರೇಸ್ ಕಾರು ಕಟ್ಟಿದ್ದ ಕೈ ಅದು, ಕುಲುಕಾಟ ಅಂದರೆ ಏನು ಅಂತ ಅದಕ್ಕೆ ಗೊತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅವರು ಕಂಟ್ರೋಲ್ ಮೇಲೆ ಮಾಡಿದ ಕೆಲಸ. ಇಂಜಿನ್ ತಾನಾಗಿಯೇ ಶುರುವಾಗಿ ತಾನಾಗಿಯೇ ನಿಲ್ಲುವ ವ್ಯವಸ್ಥೆಗೆ ಅವರಿಗೆ 1943ರಲ್ಲಿ ಪೇಟೆಂಟ್ ಸಿಕ್ಕಿತು. ಒಳಗಿನ ಗಾಳಿ ಬಿಸಿಯಾದರೆ ಥರ್ಮೋಸ್ಟಾಟ್ ಇಂಜಿನ್‌ಗೆ ಏಳು ಅನ್ನುತ್ತದೆ. ತಂಪಾದರೆ ಸಾಕು ಅನ್ನುತ್ತದೆ. ಡ್ರೈವರ್ ಮಲಗಿದ್ದರೂ ಸರಿ. ಲಾರಿಗೆ ಕೂರಿಸುವ ಯಂತ್ರದ ಪೇಟೆಂಟ್ 1949ರಲ್ಲಿ, ಥರ್ಮೋಸ್ಟಾಟ್ ಮತ್ತು ತಾಪಮಾನ ನಿಯಂತ್ರಣ ವ್ಯವಸ್ಥೆಯದು 1960ರಲ್ಲಿ ಬಂತು. ಮರುವರ್ಷ ಅವರು ತೀರಿಕೊಂಡರು. ಒಟ್ಟು 60ಕ್ಕೂ ಹೆಚ್ಚು ಪೇಟೆಂಟ್, ಅದರಲ್ಲಿ ಸುಮಾರು 40 ಈ ತಂಪಿನ ವಿದ್ಯೆಗೇ ಸೇರಿದವು. ಎರಡನೇ ಮಹಾಯುದ್ಧದ ಕಾಲದಲ್ಲಿ ರಕ್ತ, ಔಷಧಿ, ಆಹಾರ ಕೆಡದಂತೆ ಸಾಗಿಸಲು ಅವರ ಯಂತ್ರಗಳು ನೆರವಾದವು. ಅವರು, ನ್ಯೂಮೆರೊ ಸೇರಿ ಕಟ್ಟಿದ ಕಂಪನಿಯೇ ಮುಂದೆ ರೀಫರ್ ಯೂನಿಟ್ ಮಾಡುವ ಥರ್ಮೋ ಕಿಂಗ್ ಆಯಿತು. ಅಮೆರಿಕ ಸರ್ಕಾರ ಅವರಿಗೆ ತಂತ್ರಜ್ಞಾನದ ರಾಷ್ಟ್ರೀಯ ಪದಕ ಕೊಟ್ಟಿದ್ದು 1991ರಲ್ಲಿ, ಅವರು ಹೋಗಿ 30 ವರ್ಷದ ಮೇಲೆ. ಅಷ್ಟು ತಡ ಆಗಬಾರದಿತ್ತು ಅಂತ ನನಗೆ ಪ್ರತಿ ಸಲ ಈ ಕಥೆ ಹೇಳುವಾಗಲೂ ಅನ್ನಿಸುತ್ತದೆ.

ತಾಪಮಾನ ನಿಯಂತ್ರಣ ಅಂದೆ, ತಂಪು ಅನ್ನಲಿಲ್ಲ. ಮಿನೆಸೋಟದ ಚಳಿಗಾಲದಲ್ಲಿ ಹೊರಗೆ ಹಿಮ. ಅಲ್ಲಿ ತರಕಾರಿ ಸಾಗಿಸುವವರಿಗೆ ಅದು ಹೆಪ್ಪುಗಟ್ಟದಂತೆ ಬೆಚ್ಚಗಿಡುವುದೂ ಬೇಕು. ಅದಕ್ಕೇ ದೊಡ್ಡ ರೀಫರ್ ಯೂನಿಟ್‌ಗಳು ಬೇಕಾದರೆ ಬಿಸಿಯನ್ನೂ ಮಾಡುತ್ತವೆ. ಒಂದು ಜನವರಿಯಲ್ಲಿ ಬಾಳೆಕಾಯಿ ತುಂಬಿಕೊಂಡು ದೆಹಲಿಗೆ ಹೋಗಿದ್ದ ಡ್ರೈವರ್ ಗ್ವಾಲಿಯರ್ ದಾಟಿದ ಮೇಲೆ ಫೋನ್ ಮಾಡಿದ. "ಸಾರ್, ಯೂನಿಟ್ ಕೆಟ್ಟೋಯ್ತು, ಬಿಸಿ ಗಾಳಿ ಬಿಡ್ತಾ ಇದೆ. ಆಫ್ ಮಾಡಿದೀನಿ." ಹೊರಗೆ 5 ಡಿಗ್ರಿ ಚಳಿ. ಬಾಳೆಗೆ 13 ಡಿಗ್ರಿಗಿಂತ ಕೆಳಗೆ ಹೋದರೆ ಆಗುವುದಿಲ್ಲ. ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಎಷ್ಟು ಹಣ್ಣು ಮಾಡಿಸಿದರೂ ಚೆನ್ನಾಗಿ ಹಳದಿಗೆ ಬರುವುದಿಲ್ಲ. ಯೂನಿಟ್ ಆ ಲೋಡನ್ನು ಕಾಯುತ್ತಿತ್ತು. ಪುಣ್ಯಕ್ಕೆ ಹುಡುಗ ಬೇಗ ಫೋನ್ ಮಾಡಿದ, ಆನ್ ಮಾಡಿಸಿದೆ.

ನಮ್ಮಲ್ಲಿ ಈ ವಿಷಯ ಚೆನ್ನಾಗಿ ಗೊತ್ತಿರುವವರು ಹಾಲಿನವರು. ಯಾವುದಾದರೂ ಹಳ್ಳಿಯಲ್ಲಿ ಬಲ್ಕ್ ಕೂಲರ್ ಇರುವ ಡೇರಿಗೆ ಬೆಳಗ್ಗೆ ಹೋಗಿ ನೋಡಿ. ಕರೆದ ಬಿಸಿಯಲ್ಲೇ ಹಾಲು ಬರುತ್ತದೆ. ಸ್ಟೀಲ್ ಟ್ಯಾಂಕಿನಲ್ಲಿ ರೆಕ್ಕೆ ತಿರುಗುತ್ತಾ ಹಾಲು ಕಲಕುತ್ತದೆ, ಮೀಟರ್ ನಿಧಾನವಾಗಿ ಇಳಿಯುತ್ತದೆ. ನಾನು ಹೋಗಿದ್ದ ಒಂದು ಡೇರಿಯಲ್ಲಿ ಟ್ಯಾಂಕರ್ ಬಂದು ಹಾರ್ನ್ ಹೊಡೆಯುತ್ತಿತ್ತು. ಸೆಕ್ರೆಟರಿಯಮ್ಮ ಮೀಟರ್ ಕಡೆ ಬೆರಳು ತೋರಿಸಿದರು. "ಆರು ಇದೆ. ನಾಲ್ಕಕ್ಕೆ ಬರಲಿ, ಆಮೇಲೆ ಪೈಪ್ ಹಾಕು. ಟೀ ಕುಡ್ಕೊಂಡ್ ಬಾ ಹೋಗಪ್ಪ." ಆ ಟ್ಯಾಂಕರ್‌ಗೆ ತಂಪು ಮಾಡುವ ಯಂತ್ರವೇ ಇಲ್ಲ, ದಪ್ಪ ಗೋಡೆ ಮಾತ್ರ. ಆದರೂ ಹಾಲು ತಣ್ಣಗೇ ಹೋಗಿ ಸೇರುತ್ತದೆ. ತಂಪು ಮಾಡುವ ಕೆಲಸ ಡೇರಿಯಲ್ಲೇ ಮುಗಿದಿರುತ್ತದೆ, ದಾರಿಯಲ್ಲಿ ಕಾಯುವುದಷ್ಟೇ ಬಾಕಿ.

ಹಣ್ಣಿಗೂ ಹಾಗೇ ಮಾಡಬೇಕು. ಬಿಸಿಲೇರುವ ಮುಂಚೆ ಕೀಳಿ. ಪ್ರೀಕೂಲಿಂಗ್ ರೂಮಿನಲ್ಲಿ, ಫ್ಯಾನ್ ಇಟ್ಟು ಬಾಕ್ಸ್‌ಗಳ ಮಧ್ಯದಿಂದ ತಂಪು ಗಾಳಿ ಎಳೆಯುವ ಕಡೆ, ಹಣ್ಣಿನ ಒಳಗಿನ ಬಿಸಿ ಇಳಿಸಿ. ಗಾಡಿಯನ್ನೂ ಖಾಲಿ ಇರುವಾಗಲೇ ಓಡಿಸಿ ಒಳಗೋಡೆ ತಣ್ಣಗೆ ಮಾಡಿಕೊಳ್ಳಿ. ಬಾಗಿಲು ತೆಗೆದು ಲೋಡ್ ಮಾಡುವಾಗ ಯೂನಿಟ್ ಆಫ್ ಮಾಡಿ, ಇಲ್ಲವಾದರೆ ಹೊರಗಿನ ತೇವದ ಗಾಳಿ ಒಳಗೆ ಬಂದು ಯೂನಿಟ್‌ನ ಕಾಯಿಲ್, ಅಂದರೆ ತಣ್ಣನೆಯ ಪೈಪಿನ ಸುರುಳಿ, ಮೇಲೆ ಐಸ್ ಕಟ್ಟುತ್ತದೆ. ಪ್ರೀಕೂಲಿಂಗ್‌ಗೆ ದುಡ್ಡು ಜಾಸ್ತಿ, ಒಂದು ದಿನ ತಡ ಆಗುತ್ತದೆ, ಮಾರ್ಕೆಟ್ ರೇಟ್ ಇಳಿದುಬಿಡುತ್ತದೆ ಅಂತ ಹೇಳುತ್ತೀರಿ. ಆ ಕಷ್ಟ ನನಗೂ ಗೊತ್ತು. ಎಲ್ಲ ಊರಲ್ಲೂ ಆ ಸೌಲಭ್ಯ ಇಲ್ಲ ಅನ್ನುವುದೂ ಗೊತ್ತು. ಆಗದಿದ್ದರೆ ಕಡಿಮೆ ಬಾಕ್ಸ್ ತುಂಬಿ, ಮಧ್ಯೆ ಗಾಳಿಗೆ ಸಂದು ಬಿಡಿ, ರಾತ್ರಿಯ ತಂಪಲ್ಲಿ ಲೋಡ್ ಮಾಡಿ. ಅಷ್ಟಾದರೂ ಮಾಡಿ.

ಇನ್ನು ಬಿಸಿ ಹಣ್ಣು ತುಂಬಿಕೊಂಡು ಆಗಲೇ ಹೈವೇಯಲ್ಲಿರುವ ಡ್ರೈವರ್‌ಗೆ ಒಂದು ಮಾತು. ಸೆಟ್ಟಿಂಗ್ ಮುಟ್ಟಬೇಡ ತಮ್ಮಾ. ಲೋಡಿಗೆ ಎಷ್ಟು ಹೇಳಿದ್ದಾರೋ ಅಷ್ಟಕ್ಕೇ ಬಿಡು. ಬಾಗಿಲು ತೆಗೆದು ನೋಡಬೇಡ. ಗ್ಯಾಸ್ ಹಾಕಿಸಬೇಡ. ಗ್ಯಾಸ್ ಡೀಸೆಲ್ ಥರ ಖರ್ಚಾಗುವ ವಸ್ತು ಅಲ್ಲ, ಕಮ್ಮಿ ಆಗಿದ್ದರೆ ಎಲ್ಲೋ ಲೀಕ್ ಇದೆ ಅಂತ. ಅದನ್ನು ಬೆಳಗ್ಗೆ ನೋಡೋಣ.

ಮಾಲೀಕರಿಗೆ ಒಂದು ಕೇಳಿಕೆ. ಪ್ರತಿ ಡ್ರೈವರ್ ಕೈಗೂ ಒಂದು ಪ್ರೋಬ್ ಥರ್ಮಾಮೀಟರ್ ಕೊಡಿ. ಡಿಸ್‌ಪ್ಲೇ ತೋರಿಸುವುದು ಗಾಳಿಯ ತಾಪಮಾನ, ಹಣ್ಣಿನದು ಆ ಕಡ್ಡಿಗೆ ಮಾತ್ರ ಗೊತ್ತು. ಲೋಡ್ ಮಾಡುವಾಗ ಮುಂದೊಂದು, ಮಧ್ಯ ಒಂದು, ಬಾಗಿಲ ಹತ್ತಿರ ಒಂದು ಬಾಕ್ಸ್ ಬಿಚ್ಚಿಸಿ, ಗೊಂಚಲಿನ ಒಳಗಿನ ಹಣ್ಣಿಗೆ ಚುಚ್ಚಿ, ಅರ್ಧ ನಿಮಿಷ ಬಿಟ್ಟು ಓದಲಿ. ಮೂರು ಅಂಕಿಯನ್ನೂ ಬಿಲ್ಟಿಯ, ಅಂದರೆ ಲೋಡಿನ ರಸೀದಿಯ, ಹಿಂದೆ ಬರೆದು ಸಹಿ ಹಾಕಲಿ. ರಾತ್ರಿ ನನಗೆ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಆ ಮೂರು ಅಂಕಿಯನ್ನೇ.