ಕೆಂಪು ಸೆರಗು ಕಪ್ಪಾದ ಬಗೆ

ಬಾಗಲಕೋಟೆಯ ನಮ್ಮ ನೆಂಟರ ಮನೆಯಲ್ಲಿ ಕಟ್ಟು ಹಾಕಿಸಿದ ಹಳೆಯ ಫೋಟೊ ಒಂದಿದೆ. ಮೀಟರ್ ಗೇಜ್ ಕಾಲದ್ದು. ರೈಲು ಡಬ್ಬಿಯ ಮುಂದೆ ಇಳಕಲ್ ಸೀರೆಯುಟ್ಟ ಅಜ್ಜಿ, ಪಕ್ಕದಲ್ಲಿ ಬಾವುಟ ಹಿಡಿದ ಗಾರ್ಡ್. ಡಬ್ಬಿ ಕಪ್ಪು, ಬಾವುಟ ಕಪ್ಪು, ಸೆರಗು ಕಪ್ಪು, ಹಣೆಯ ಕುಂಕುಮವೂ ಕಪ್ಪು. ಮೇಲೆ ಒಂದೇ ಒಂದು ಮೋಡವಿಲ್ಲದ ಬೆಳ್ಳನೆಯ ಆಕಾಶ. ಈಚೆಗೆ ಮನೆಯ ಹುಡುಗರು ಮೊಬೈಲ್ ಆ್ಯಪಿನಲ್ಲಿ ಅದಕ್ಕೆ ಬಣ್ಣ ತುಂಬಿಸಿದರು. ಆ್ಯಪು ಸೆರಗಿಗೆ ಕರಿಬಣ್ಣವನ್ನೇ ಬಳಿಯಿತು. ಇಂದಿನ ನಿಲ್ದಾಣದ ಚಿತ್ರವನ್ನು ಪಕ್ಕದಲ್ಲಿಟ್ಟು, ಆಗಿನ ಡಬ್ಬಿಗಳೆಲ್ಲ ಕಪ್ಪಾಗಿದ್ದವು ಎಂಬ ತೀರ್ಪೂ ಹೊರಬಿತ್ತು. ಹಿರಿಯರೊಬ್ಬರಂತೂ ಕುಂಕುಮ ಕಪ್ಪಾಗಿರುವುದು ಅಪಶಕುನ, ಫೋಟೊ ಗೋಡೆಯಿಂದ ಇಳಿಸಿ ಎಂದರು. ಅದೇ ಸೀರೆ ಕೆಂಪು ಸೆರಗಿನೊಂದಿಗೆ ಅದೇ ಮನೆಯ ಟ್ರಂಕಿನಲ್ಲಿ ಮಡಚಿ ಕುಳಿತಿದೆ. ತೆಗೆದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ!

ತಪ್ಪು ಸೀರೆಯದಲ್ಲ, ಆ ಕಾಲದ ಕ್ಯಾಮೆರಾದೊಳಗೆ ಬೆಳಕು ಹಿಡಿಯುತ್ತಿದ್ದ ಗಾಜಿನ ಪ್ಲೇಟಿನದು. ಅದರ ಮೇಲಿನ ಸಿಲ್ವರ್ ಬ್ರೋಮೈಡ್ ಹರಳಿನಿಂದ ಒಂದು ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 2.6 ಎಲೆಕ್ಟ್ರಾನ್ ವೋಲ್ಟ್ (ಅಣುಮಟ್ಟದ ಶಕ್ತಿಯ ಅಳತೆ) ಶಕ್ತಿ ಬೇಕು. ನೀಲಿ ಬೆಳಕಿನ ಒಂದು ಕಣದಲ್ಲಿ 2.7ರಷ್ಟು ಇರುತ್ತದೆ, ಕೆಂಪಿನ ಕಣದಲ್ಲಿ 1.9 ಮಾತ್ರ. ಎರಡು ಕೆಂಪು ಕಣ ಸೇರಿದರೆ ಆಗದೇ ಎಂದು ಕೇಳಬಹುದು. ನಿಲ್ದಾಣಗಳಲ್ಲಿ ನಾಣ್ಯ ಹಾಕಿ ತೂಕ ನೋಡುವ ಯಂತ್ರಗಳಿದ್ದವಲ್ಲ, ಅದಕ್ಕೆ ಒಂದು ರೂಪಾಯಿಯ ನಾಣ್ಯವೇ ಬೇಕು. ಎಂಟಾಣೆಯವು ನಾಲ್ಕು ಹಾಕಿದರೂ ಚೀಟಿ ಹೊರಬರುವುದಿಲ್ಲ. ಹರಳಿನ ವ್ಯವಹಾರವೂ ಹಾಗೆಯೇ: ಕಣ ಒಂದೊಂದಾಗಿ ಬರುತ್ತದೆ, ಸಾಲದಿದ್ದರೆ ವ್ಯರ್ಥ. ಕತ್ತಲೆಕೋಣೆಯಲ್ಲಿ ಕೆಂಪು ದೀಪ ಹಚ್ಚಿ ಫೋಟೊ ತೊಳೆಯುತ್ತಿದ್ದುದು ಇದೇ ಧೈರ್ಯದಿಂದ. ಹೀಗೆ ಕೆಂಪು ವಸ್ತು ಪ್ಲೇಟಿನ ಮಟ್ಟಿಗೆ ಕತ್ತಲೆ. ನೀಲಿ ಆಕಾಶವೋ ಮೋಡದಷ್ಟೇ ಪ್ರಖರ. ಎರಡೂ ಬೆಳ್ಳಗಾಗಿ ಮೋಡ ಮಾಯ. ಹಿಂದೆ ಗಾಳಿ ಅಷ್ಟು ಶುಭ್ರವಾಗಿತ್ತು ಎಂದು ನಿಟ್ಟುಸಿರು ಬಿಡುವವರಿಗೆ ಇದನ್ನು ಹೇಳಬೇಕು. ಖಾಲಿ ಆಕಾಶ ಚೆನ್ನಾಗಿ ಕಾಣದೆಂದು ಕೆಲವು ಫೋಟೊಗ್ರಾಫರುಗಳು ಬೇರೆ ನೆಗೆಟಿವ್‌ನಿಂದ ಮೋಡ ತಂದು ಅಂಟಿಸುತ್ತಿದ್ದರು ಎಂಬುದನ್ನೂ.

1873ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಹರ್ಮನ್ ಫೋಗೆಲ್, ಪ್ಲೇಟಿಗೆ ಬಣ್ಣದ್ರವ್ಯ ಬೆರೆಸಿದರೆ ಅದು ಹಸಿರನ್ನೂ ಗ್ರಹಿಸುತ್ತದೆ ಎಂದು ಕಂಡುಕೊಂಡರು. ಬಣ್ಣದ ಅಣು ತಾನು ಹೀರಿದ್ದನ್ನು ಹರಳಿಗೆ ದಾಟಿಸುತ್ತದೆ. ಆದರೆ ಕೆಂಪನ್ನೂ ನೋಡಬಲ್ಲ ಪ್ಲೇಟುಗಳು ಅಂಗಡಿಗೆ ಬಂದದ್ದು 1906ರ ಹೊತ್ತಿಗೆ. ಅಷ್ಟರಲ್ಲಿ ಬಾಗಲಕೋಟೆಯ ಮೇಲೆ ಹಾಯುವ ನಮ್ಮ ಗದಗ–ಹೋಟಗಿ ರೈಲು ಮಾರ್ಗಕ್ಕೆ ಎರಡು ದಶಕ ದಾಟಿತ್ತು. 1876–78ರ ಬರಗಾಲದಲ್ಲಿ ಈ ಸೀಮೆಗೆ ಕಾಳು ಸಾಗಿಸುವ ದಾರಿಯಿಲ್ಲದೆ ಜನ ಸತ್ತ ನೆನಪು ಮಾಸುವ ಮುನ್ನ, 1884ರಲ್ಲಿ, ಸದರ್ನ್ ಮರಾಠಾ ರೈಲ್ವೆ ಆ ಹಳಿ ಹಾಕಿತ್ತು. ಹೊಸ ಪ್ಲೇಟು ಬಂದೊಡನೆ ಹಳೆಯದು ಮೂಲೆಗುಂಪಾಗಲಿಲ್ಲ; ಕೆಂಪು ಕಾಣದ ಸರಕು ಅಗ್ಗವಾಗಿತ್ತು, ಸ್ಟುಡಿಯೋಗಳು ಅದನ್ನೇ ದಶಕಗಳ ಕಾಲ ಬಳಸಿದವು. ನಮ್ಮ ಅಜ್ಜಿಯ ಫೋಟೊದಲ್ಲಿ ಸೀರೆಯ ಕಡುನೀಲಿ ಒಡಲು ಸೆರಗಿಗಿಂತ ತಿಳಿಯಾಗಿ ಕಾಣುವುದೂ ಇದಕ್ಕೇ. ಗಾರ್ಡ್ ಹಿಡಿದದ್ದು ಕೆಂಪು ಬಾವುಟವೋ ಹಸಿರೋ? ಹಸಿರು ಕಾಣುವ ಪ್ಲೇಟಾಗಿದ್ದರೆ ಅದು ಕೆಂಪೇ. ಬರೀ ನೀಲಿ ಕಾಣುವುದಾಗಿದ್ದರೆ ಎರಡೂ ಒಂದೇ ಕಪ್ಪು.

ಫೋಟೊದಲ್ಲಿರುವವರ ಎತ್ತರ ತಿಳಿಯಲು ಹಳಿಯನ್ನು ಅಳತೆಗೋಲು ಮಾಡಿಕೊಳ್ಳುವವರೂ ಜೋಕೆ. ಮೀಟರ್ ಗೇಜಿನಲ್ಲಿ ಎರಡು ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್, ಇಂದಿನ ಬ್ರಾಡ್ ಗೇಜಿನದು 1676. ಎರಡೂ ಒಂದೇ ಎಂದು ಲೆಕ್ಕ ಹಾಕಿದರೆ ಆರಡಿಯ ಗಾರ್ಡ್ ಹತ್ತಡಿಯಾಗುತ್ತಾನೆ. ಹಿಂದಿನವರು ಆಜಾನುಬಾಹುಗಳು ಎಂಬ ಮಾತಿಗೆ ಹೊಸ ಪುರಾವೆ ಸಿಕ್ಕಂತಾಗುತ್ತದೆ.

ಮೊಬೈಲ್ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸಿಲಿಕಾನ್‌ಗೆ 1.1 ಎಲೆಕ್ಟ್ರಾನ್ ವೋಲ್ಟ್ ಸಾಕು. ಅದು ಕೆಂಪನ್ನಷ್ಟೇ ಅಲ್ಲ, ನಮ್ಮ ಕಣ್ಣಿಗೆ ಕಾಣದ ಅವಕೆಂಪನ್ನೂ ನೋಡುತ್ತದೆ. ಅದನ್ನು ತಡೆಯಲೆಂದೇ ಒಂದು ಫಿಲ್ಟರ್ ಇಟ್ಟಿರುತ್ತಾರೆ. ಆದ್ದರಿಂದ ಅಂದಿನ ಚಿತ್ರಕ್ಕೆ ಬಣ್ಣ ತುಂಬಿ ಇಂದಿನದಕ್ಕೆ ಹೋಲಿಸುವುದು ತಲೆಕೆಳಗಾದ ಕೆಲಸ. ಇಂದಿನ ಚಿತ್ರದ ಬಣ್ಣ ಕಳೆಯಬೇಕು. ಬಾಗಲಕೋಟೆ ನಿಲ್ದಾಣದ ಯಾವುದಾದರೂ ಹೊಸ ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದು ಕೆಂಪು, ಹಸಿರು ಪದರಗಳನ್ನು ಅಳಿಸಿ, ನೀಲಿ ಪದರವನ್ನಷ್ಟೇ ಕಪ್ಪುಬಿಳುಪಾಗಿ ನೋಡಿ. ಎಲ್‌ಎಚ್‌ಬಿ ಎಂಬ ಈಗಿನ ಹೊಸ ಮಾದರಿಯ ರೈಲಿನ ಕೆಂಪು ಡಬ್ಬಿಗಳು ಅಜ್ಜಿಯ ಹಿಂದಿನ ಡಬ್ಬಿಯಷ್ಟೇ ಕಪ್ಪಾಗುತ್ತವೆ.