ಫೋಟೊ ತೆಗೆಯಲು ಒಪ್ಪಿದವರು ಹಂಚಲು ಒಪ್ಪಿದ್ದರೇ?

ನರೇಗಾ ಕೂಲಿಕಾರರ ಹಾಜರಾತಿಗೆ ಮೊಬೈಲ್ ಫೋಟೊ 2023ರ ಜನವರಿಯಿಂದ ಕಡ್ಡಾಯವಾಯಿತು. ಅದೇ ವರ್ಷ ಜುಲೈನಲ್ಲಿ ರಾಜ್ಯದ ಮುಜರಾಯಿ ದೇವಸ್ಥಾನಗಳ ಒಳಗೆ ಮೊಬೈಲ್ ಬಳಕೆ ನಿಷೇಧವಾಯಿತು. ಕೆರೆ ಏರಿಯ ಮೇಲೆ ಬೇಕೇ ಬೇಕು, ಗುಡಿಯೊಳಗೆ ಬೇಡವೇ ಬೇಡ ಎಂಬ ಈ ಸ್ಥಿತಿ ಅರ್ಥವಾಗಬೇಕಾದರೆ ಕಾಲು ಶತಮಾನ ಹಿಂದೆ ಹೋಗಬೇಕು.

2000ದ ನವೆಂಬರ್‌ನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಶಾರ್ಪ್ ಕಂಪನಿಯ ಫೋನಿನ ಕ್ಯಾಮೆರಾದ ಸಾಮರ್ಥ್ಯ 1.1 ಲಕ್ಷ ಪಿಕ್ಸೆಲ್ ಅಷ್ಟೇ. ಆದರೆ ತೆಗೆದ ಚಿತ್ರವನ್ನು ನಿಂತಲ್ಲಿಂದಲೇ ಕಳುಹಿಸಬಹುದಿತ್ತು. ಹೆಂಗಸರ ಚಿತ್ರಗಳನ್ನು ಕದ್ದು ತೆಗೆಯುವ ಹಾವಳಿಗೆ ಹೆದರಿ, ಸದ್ದು ಅಡಗಿಸಿಟ್ಟ ಫೋನೂ ಫೋಟೊ ತೆಗೆಯುವಾಗ 'ಕ್ಲಿಕ್' ಎನ್ನುವಂತೆ ಅಲ್ಲಿನ ಕಂಪನಿಗಳು ಮಾಡಿದವು. ದಕ್ಷಿಣ ಕೊರಿಯಾ 2004ರಲ್ಲಿ ಅದಕ್ಕೊಂದು ಮಾನದಂಡವನ್ನೇ ತಂದಿತು. ನಮ್ಮಲ್ಲಿ ಅಂಥ ನಿಯಮ ಬರಲೇ ಇಲ್ಲ.

ನಮಗೆ ಪೆಟ್ಟು ಬಿದ್ದದ್ದು ಅದೇ 2004ರಲ್ಲಿ. ದೆಹಲಿಯ ಶಾಲಾ ವಿದ್ಯಾರ್ಥಿಗಳಿಬ್ಬರ ಖಾಸಗಿ ದೃಶ್ಯ ಫೋನಿನಿಂದ ಫೋನಿಗೆ ದಾಟಿ, ಕಡೆಗೆ ಅಂತರ್ಜಾಲದ ಹರಾಜು ತಾಣವೊಂದರಲ್ಲಿ ಮಾರಾಟಕ್ಕೆ ಬಂತು. ತಾಣದ ಮುಖ್ಯಸ್ಥರ ಬಂಧನವಾಯಿತು. ಚರ್ಚೆ ಮುಗಿಲು ಮುಟ್ಟಿತು, ಆದರೆ ಅದು ಸುತ್ತಿದ್ದು ತಾಣದ ಹೊಣೆಗಾರಿಕೆಯ ಸುತ್ತ. ಕೈಯಲ್ಲಿದ್ದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಅಷ್ಟೇ: ಅದರ 67ನೇ ಕಲಂ ನೋಡುವವರ ಮನಸ್ಸು ಕೆಡುತ್ತದೆಯೇ ಎಂದು ಕೇಳುತ್ತಿತ್ತು, ಚಿತ್ರದಲ್ಲಿರುವ ಹುಡುಗಿಗೆ ಏನಾಯಿತು ಎಂದು ಕೇಳುತ್ತಿರಲಿಲ್ಲ.

ಆ ಪ್ರಶ್ನೆ ಕಾನೂನಿಗೆ ಬರಲು ಐದು ವರ್ಷ ಹಿಡಿಯಿತು. 2009ರ ಅಕ್ಟೋಬರ್ 27ರಂದು ಜಾರಿಗೆ ಬಂದ ಅದೇ ಕಾಯ್ದೆಯ 66ಇ ಕಲಂ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದನ್ನೂ ಹಂಚುವುದನ್ನೂ ಅಪರಾಧವಾಗಿಸಿತು. ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2013ರಲ್ಲಿ ದಂಡ ಸಂಹಿತೆಗೆ ಸೇರಿದ 354ಸಿ ಕಲಮಿನ ವಿವರಣೆಯೊಂದು ಇನ್ನೂ ಮುಂದೆ ಹೋಯಿತು. ಖಾಸಗಿ ಚಿತ್ರ ತೆಗೆಯಲು ಮಹಿಳೆ ಒಪ್ಪಿದ್ದರೂ ಇತರರಿಗೆ ಹಂಚಲು ಒಪ್ಪಿರದಿದ್ದರೆ, ಹಂಚಿದ್ದು ಅಪರಾಧವೇ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿದೆ. ಇಡೀ ಕಥೆಯಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ನನಗೆ ಕಾಣುವುದಿಲ್ಲ. ಆದರೂ ದೂರು ಹೇಳಲು ಬಂದವಳಿಗೆ ಮನೆಯಲ್ಲೂ ಹೊರಗೂ ಇಂದಿಗೂ ಎದುರಾಗುವ ಮೊದಲ ಪ್ರಶ್ನೆ, 'ತೆಗೆಯಲು ಯಾಕೆ ಬಿಟ್ಟೆ?'

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ವರ್ಷದ ಆರಂಭದಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಸೈಕಲ್ ಸವಾರ ಹುಡುಗ ನೆರವಿಗೆ ಅಂಗಲಾಚುತ್ತಿದ್ದಾಗ, ಸುತ್ತ ನಿಂತವರು ಫೋನಿನಲ್ಲಿ ಚಿತ್ರೀಕರಿಸುತ್ತಿದ್ದರು.

ಹಾಗೆಂದು ಕ್ಯಾಮೆರಾವನ್ನು ದೂರುವುದು ತರವಲ್ಲ. ರೋಗ ಬಿದ್ದ ಎಲೆಯ ಫೋಟೊ ಕಳುಹಿಸಿ ಔಷಧಿ ಕೇಳುವ ರೈತನಿಗೆ ಅದು ಬಸ್ ಖರ್ಚು ಉಳಿಸುತ್ತದೆ. ಶೋಧ, ಜಪ್ತಿಗಳನ್ನು ಪೊಲೀಸರು ಚಿತ್ರೀಕರಿಸಲೇಬೇಕು, ಸಾಧ್ಯವಾದಷ್ಟು ಮೊಬೈಲಿನಲ್ಲೇ, ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಠಾಣೆಯ ಮಾತಿನೆದುರು ಬಡವನ ಮಾತು ನಿಲ್ಲದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಒಪ್ಪಿಗೆಯಿಲ್ಲದೆ ಹಂಚಿದ ಖಾಸಗಿ ಚಿತ್ರದ ಬಗ್ಗೆ ಸಂತ್ರಸ್ತರು ದೂರು ಕೊಟ್ಟರೆ ಜಾಲತಾಣಗಳು 24 ಗಂಟೆಯೊಳಗೆ ಅದನ್ನು ತೆಗೆದುಹಾಕಬೇಕೆಂದು 2021ರ ನಿಯಮಗಳು ಗಡುವು ಹಾಕಿದ್ದವು; 2026ರಲ್ಲಿ ಅದು 2 ಗಂಟೆಗೆ ಇಳಿಯಿತು. ಅಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಗುರುತಿಲ್ಲದವರ ಫೋನುಗಳಲ್ಲಿ ಉಳಿದುಬಿಟ್ಟ ಪ್ರತಿಗಳನ್ನು ಆ ಗಡುವು ಮುಟ್ಟುವುದಿಲ್ಲ.