ಟೇಪ್, ಗ್ಲೌಸ್, ಸೆನ್ಸರ್: ಚರ್ಮದ ಅಲರ್ಜಿಗೆ ಮೊದಲು ಗಡಿಯಾರ ನೋಡಿ

ಶಿವಮೊಗ್ಗದಲ್ಲಿ ನನ್ನ ಜೊತೆ ನರ್ಸಿಂಗ್ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಚರ್ಮದ ಪದರಗಳ ಪಾಠ ಪುಸ್ತಕದಲ್ಲೇ ಸಲೀಸಾಗಿದೆ, ಅದನ್ನು ಇಲ್ಲಿ ಮುಟ್ಟುವುದಿಲ್ಲ.

"ನನಗೆ ಪ್ಲಾಸ್ಟರ್ ಆಗಿಬರುವುದಿಲ್ಲ" ಎಂದು ರೋಗಿ ಹೇಳಿದಾಗ ಅದು ಮೂರರಲ್ಲಿ ಯಾವುದೂ ಆಗಿರಬಹುದು: ಅಲರ್ಜಿಯೇ ಅಲ್ಲದ ಬರೀ ಉರಿ, ತಡವಾಗಿ ಬರುವ ಅಲರ್ಜಿ, ತಕ್ಷಣ ಬರುವ ಅಲರ್ಜಿ.

ಬರೀ ಉರಿ

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯವರಲ್ಲಿ ಇದನ್ನು ಊಹಿಸುವುದು ಸುಲಭ. ಟೇಪಿನ ಕೆಳಗೆ ತೇವ ನಿಂತು ಚರ್ಮ ಮೆತ್ತಗಾಗುತ್ತದೆ, ಕಿತ್ತಾಗ ಮೇಲ್ಪದರವೂ ಜೊತೆಗೆ ಬರುತ್ತದೆ. ಚರ್ಮ ಕೆಂಪಾಗುವುದು ಟೇಪಿನ ಗಡಿಯೊಳಗೇ, ತುರಿಕೆಗಿಂತ ಉರಿ ಹೆಚ್ಚು. ಮೊದಲ ಸಲವೇ, ಯಾರಿಗೆ ಬೇಕಾದರೂ ಆಗಬಹುದು.

ತಡವಾದ ಅಲರ್ಜಿ: ಕಗ್ಗಂಟು ಇರುವುದು ಇಲ್ಲಿ

ಇದು ಜೆಲ್ ಮತ್ತು ಕೂಂಬ್ಸ್ ಎಂಬ ವಿಜ್ಞಾನಿಗಳು 1963ರಲ್ಲಿ ಮಾಡಿದ ಅಲರ್ಜಿಗಳ ವಿಂಗಡಣೆಯ ನಾಲ್ಕನೆಯ ಬಗೆ. ಹಿಂದೆ ಹಲವು ಸಲ ಹಚ್ಚಿದ ಪ್ಲಾಸ್ಟರ್ ಇವತ್ತು ಏಕೆ ಕೆರಳಿಸಬೇಕು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಆದ್ದರಿಂದ ನಿಧಾನವಾಗಿಯೇ ಬರೆಯುತ್ತೇನೆ.

ಚರ್ಮವನ್ನು ದಾಟಿ ಒಳಹೋಗುವುದು ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ಚಿಕ್ಕ ಅಣುಗಳು. ಅಂಥ ಅಣು ಒಂಟಿಯಾಗಿದ್ದರೆ ರೋಗನಿರೋಧಕ ವ್ಯವಸ್ಥೆಯ ಗಮನಕ್ಕೇ ಬರುವುದಿಲ್ಲ. ಅದು ನಮ್ಮದೇ ಚರ್ಮದ ಪ್ರೋಟೀನಿಗೆ ಅಂಟಿಕೊಂಡ ಮೇಲೆ ಅಪರಿಚಿತವಾಗಿ ಕಾಣುತ್ತದೆ. ಹೀಗೆ ಅಂಟಿಕೊಳ್ಳುವ ಅಣುವೇ ಹ್ಯಾಪ್ಟೆನ್. ಚರ್ಮದ ಕಾವಲು ಕೋಶಗಳು ಅದನ್ನು ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹೊತ್ತೊಯ್ದು ಟಿ ಕೋಶಗಳೆಂಬ ಬಿಳಿ ರಕ್ತಕೋಶಗಳಿಗೆ ತೋರಿಸುತ್ತವೆ. ಈ ಟಿ ಕೋಶಗಳು ಗುರುತಿಟ್ಟುಕೊಂಡು ಸಂಖ್ಯೆಯಲ್ಲಿ ಹೆಚ್ಚಲು ಸುಮಾರು 10ರಿಂದ 14 ದಿನ ಬೇಕು. ಅಷ್ಟು ದಿನವೂ ಚರ್ಮದ ಮೇಲೆ ಏನೂ ಕಾಣುವುದಿಲ್ಲ! ಈ ಕಲಿಕೆ ಮೊದಲ ಸಂಪರ್ಕದಲ್ಲೇ ಆಗಬಹುದು, ವರ್ಷಗಟ್ಟಲೆ ಬಳಸಿದ ಮೇಲೂ ಆಗಬಹುದು. ಕಲಿತ ನಂತರದ ಸಂಪರ್ಕದಲ್ಲಿ ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ತುರಿಕೆ, ನೀರ್ಗುಳ್ಳೆ, ರಸಿಕೆ ಬರುತ್ತವೆ. ಟೇಪಿನ ಗಡಿ ದಾಟಿಯೂ ಹರಡಬಹುದು.

ಮಲೆನಾಡಿನವರಿಗೆ ಈ ದಾರಿ ಹೊಸದಲ್ಲ. ಮಾವಿನ ಸೊನೆ ತಾಗಿ ಬಾಯಿಯ ಸುತ್ತ ಏಳುವ ಗುಳ್ಳೆಗಳು, ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ರಸದಿಂದ ಕುತ್ತಿಗೆಯಲ್ಲಿ ಬರುತ್ತಿದ್ದ ತುರಿಕೆ, ಎರಡೂ ಇದೇ ನಾಲ್ಕನೆಯ ಬಗೆ.

ತಡ ಎಂಬುದೇ ತನಿಖೆ ಕೆಡಿಸುತ್ತದೆ. ಸೋಮವಾರ ಪ್ಲಾಸ್ಟರ್ ಹಾಕಿ ಮಂಗಳವಾರ ತೆಗೆದವರಿಗೆ ತುರಿಕೆ ಶುರುವಾಗುವುದು ಬುಧವಾರ. ದೂರು ಬೀಳುವುದು ಬುಧವಾರ ತಿಂದ ಮೀನಿನ ಮೇಲೆ. ಆದ್ದರಿಂದ "ಇವತ್ತು ಏನು ತಾಗಿತು" ಎನ್ನುವುದಕ್ಕಿಂತ "ಹಿಂದಿನ ಮೂರು ದಿನ ಏನೇನು ತಾಗಿತ್ತು" ಎಂದು ಕೇಳಬೇಕು.

ಒಳ್ಳೆಯ ಉದಾಹರಣೆ ಎಂದರೆ ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಸೆನ್ಸರ್. 14 ದಿನ ಒಂದೇ ಜಾಗದಲ್ಲಿ ಕೂರುವ ವಸ್ತು ಟಿ ಕೋಶಗಳಿಗೆ ಕಲಿಯಲು ಬೇಕಾದಷ್ಟು ಸಮಯ ಕೊಡುತ್ತದೆ. ಎಲ್ಲರ ಸಂಶಯ ಚರ್ಮಕ್ಕೆ ತಾಗುವ ಅಂಟುಪಟ್ಟಿಯ ಮೇಲಿತ್ತು. ಆದರೆ 2017ರಲ್ಲಿ ಬೆಲ್ಜಿಯಂನ ಚರ್ಮವೈದ್ಯರು ಒಂದು ಸೆನ್ಸರ್‌ನಲ್ಲಿ ತೋರಿಸಿದ್ದು ಐಸೊಬಾರ್ನಿಲ್ ಅಕ್ರಿಲೇಟ್ ಎಂಬ ರಾಸಾಯನಿಕ, ಅದೂ ಪ್ಲಾಸ್ಟಿಕ್ ಭಾಗಗಳನ್ನು ಜೋಡಿಸುವ ಅಂಟಿನಿಂದ ಜಿನುಗಿ ಪಟ್ಟಿಗೆ ಇಳಿದದ್ದು. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2020ರ 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿದ್ದು ಇದನ್ನೇ.

ಗ್ಲೌಸ್: ಒಂದೇ ಕೈಗವಸು, ಎರಡು ಅಲರ್ಜಿ

ನೈಸರ್ಗಿಕ ರಬ್ಬರಿನಲ್ಲಿ ಮರದ ಪ್ರೋಟೀನ್ ಇರುತ್ತದೆ. ಅದಕ್ಕೆ ಬರುವುದು ತಕ್ಷಣದ ಅಲರ್ಜಿ, ಅಂದರೆ ಅದೇ ವಿಂಗಡಣೆಯ ಮೊದಲನೆಯ ಬಗೆ: ಇದನ್ನು ನಡೆಸುವುದು ಐಜಿಇ ಎಂಬ ಪ್ರತಿಕಾಯ, ನಿಮಿಷಗಳಲ್ಲಿ ಪಿತ್ತಗಂಧೆ, ಸೀನು, ಉಬ್ಬಸ, ಕೆಲವೊಮ್ಮೆ ಜೀವಕ್ಕೇ ಅಪಾಯವಾಗುವ ಅನಾಫಿಲ್ಯಾಕ್ಸಿಸ್. ಇಂಥವರಲ್ಲಿ ಕೆಲವರಿಗೆ ಬಾಳೆಹಣ್ಣು, ಕಿವಿ, ಬೆಣ್ಣೆಹಣ್ಣು ತಿಂದರೂ ಬಾಯಿ ತುರಿಸುತ್ತದೆ. ಗ್ಲೌಸಿನ ಪುಡಿ ಈ ಪ್ರೋಟೀನನ್ನು ಗಾಳಿಗೆ ಎಬ್ಬಿಸುತ್ತಿತ್ತು. ಅದೂ ಒಂದು ಕಾರಣವಾಗಿ ಅಮೆರಿಕದಲ್ಲಿ 2017ರ ಜನವರಿಯಿಂದ ಪುಡಿ ಹಾಕಿದ ವೈದ್ಯಕೀಯ ಗ್ಲೌಸ್‌ಗಳಿಗೆ ನಿಷೇಧವಿದೆ.

ಅದೇ ಗ್ಲೌಸಿನಲ್ಲಿ ರಬ್ಬರನ್ನು ಬೇಗ ಹದಗೊಳಿಸಲು ಸೇರಿಸುವ ಥೈಯುರಾಮ್, ಕಾರ್ಬಮೇಟ್‌ಗಳಂಥ ರಾಸಾಯನಿಕಗಳೂ ಇರುತ್ತವೆ. ಚಿಕ್ಕ ಅಣುಗಳು, ಆದ್ದರಿಂದ ನಾಲ್ಕನೆಯ ಬಗೆ. ನರ್ಸಿಂಗ್ ಪರೀಕ್ಷೆಯಲ್ಲಿ ನಮ್ಮನ್ನು ಬೀಳಿಸುವುದು ಇಲ್ಲಿ: ನೈಟ್ರೈಲ್ ಗ್ಲೌಸಿನಲ್ಲಿ ರಬ್ಬರ್ ಮರದ ಪ್ರೋಟೀನ್ ಇಲ್ಲ, ಆದರೆ ಈ ರಾಸಾಯನಿಕಗಳು ಇರಬಹುದು. ಮೊದಲ ಗುಂಪಿನವರಿಗೆ ನೈಟ್ರೈಲ್ ಸರಿಹೋಗುತ್ತದೆ, ಎರಡನೆಯವರಿಗೆ ಸರಿಹೋಗದೆಯೂ ಇರಬಹುದು.

ಪರೀಕ್ಷೆ

ತಕ್ಷಣದ್ದಕ್ಕೆ ಪ್ರಿಕ್ ಟೆಸ್ಟ್: ಸಂಶಯದ ವಸ್ತುವಿನ ಹನಿಯ ಮೂಲಕ ಚರ್ಮವನ್ನು ಸೂಜಿಯಿಂದ ಚುಚ್ಚಿ, 15ರಿಂದ 20 ನಿಮಿಷಕ್ಕೆ ಓದುವುದು. ತಡವಾದದ್ದಕ್ಕೆ ಪ್ಯಾಚ್ ಟೆಸ್ಟ್: ಸಂಶಯದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ಓದುವುದು, ಮತ್ತೆ ಸುಮಾರು 96 ಗಂಟೆಗೆ ಇನ್ನೊಮ್ಮೆ. ಎರಡನೆಯ ಓದು ಬಿಟ್ಟರೆ ತಡವಾಗಿ ಏಳುವುದು ತಪ್ಪಿಹೋಗುತ್ತದೆ. ತುರಿಕೆಯ ಮಾತ್ರೆ, ಅಂದರೆ ಆಂಟಿಹಿಸ್ಟಮಿನ್, ಪ್ರಿಕ್ ಟೆಸ್ಟನ್ನು ಕೆಡಿಸುತ್ತದೆ. ಪ್ಯಾಚ್ ಟೆಸ್ಟನ್ನು ಕೆಡಿಸುವುದು ಸ್ಟೀರಾಯ್ಡ್.

ಅಭ್ಯಾಸಕ್ಕೆ ಒಂದು ಪ್ರಶ್ನೆ: ಅಡಿಕೆ ತೋಟದಲ್ಲಿ ಮಳೆಗಾಲವಿಡೀ ಗಂಬೂಟು ಹಾಕುವವರ ಪಾದದ ಮೇಲ್ಭಾಗದಲ್ಲಿ ತುರಿಕೆ. ನೈಟ್ರೈಲ್ ಗ್ಲೌಸ್ ಹಾಕಿದ ಮರುದಿನ ಕೈಯಲ್ಲೂ ಅದೇ. ಬಾಳೆಹಣ್ಣು ತಿಂದರೆ ಏನೂ ಆಗುವುದಿಲ್ಲ. ಉತ್ತರ: ಸಂಶಯ ರಬ್ಬರಿನ ರಾಸಾಯನಿಕಗಳ ಮೇಲೆ, ಮಾಡಿಸಬೇಕಾದದ್ದು ಪ್ಯಾಚ್ ಟೆಸ್ಟ್.